ದಾಸಮ್ಮನ ನಾಲ್ಕು ಬೀಜ

“ಮಿಶಿನ್ ನಿಲ್ಸಣ್ಣ. ಬೇರಿಂಗ್ ಕೆಟ್ಟೈತೆ,” ಎಂದಳು ದಾಸಮ್ಮ, ಕೇರುತ್ತಿದ್ದ ಮೊರ ಕೆಳಗಿಟ್ಟು.

ಬಡವನಹಳ್ಳಿಯ ಕಡಲೆಕಾಯಿ ಮಿಲ್ಲಿನ ಫಿಟ್ಟರ್ ರೇಣುಕಯ್ಯ ನಕ್ಕ. ಬೆಳಿಗ್ಗೆ ಸುಲಿಯುವ ಯಂತ್ರ ಕಿರುಗುಟ್ಟಿದ್ದು ನಿಜ. ಬೇರಿಂಗಿಗೆ ಗ್ರೀಸು ತುಂಬಿದ, ಸದ್ದು ಅಡಗಿತು. ಅವನ ಪಾಲಿಗೆ ರೋಗ ವಾಸಿಯಾದಂತೆಯೇ. “ಎಲ್ಡ್ ಸುಗ್ಗಿ ಬಾಳೋ ಬೇರಿಂಗು ಕಣಮ್ಮ. ಹಾಕಿ ಒಂದ್ ಸುಗ್ಗಿನೂ ಆಗಿಲ್ಲ. ತಾರೀಕು ಬರ್ದಿವ್ನಿ, ನೋಡು ಬೇಕಾದ್ರೆ.”

ಯಂತ್ರದ ಮೈಮೇಲೆ ಕೆಂಪು ಬಣ್ಣದಲ್ಲಿ ಆ ವರ್ಷದ್ದೇ, ಎಪ್ಪತ್ತೆಂಟನೇ ಇಸವಿಯ ತಾರೀಕು, ಕೆಳಗೆ ಅವನ ಹೆಸರು. ದಾಸಮ್ಮನಿಗೆ ಓದು ಬಾರದು. ಆದರೆ ಹನ್ನೊಂದು ವರ್ಷ ಅದರ ಮಗ್ಗುಲಲ್ಲೇ ಕೂತು ಬೀಜ ಕೇರಿದವಳು. ನಾಲ್ಕು ಬೀಜ ಬೇರಿಂಗಿನ ಗೂಡಿನ ಮೇಲಿಟ್ಟು, ಬೆಚ್ಚಗಾದ ಮೇಲೆ ಬಾಯಿಗೆ ಹಾಕಿಕೊಳ್ಳುವುದು ಅಲ್ಲಿನ ಹೆಂಗಸರ ರೂಢಿ. ಇವತ್ತು ಇಟ್ಟ ಬೀಜವನ್ನು ಅವಳು ಅಂಗೈಯಲ್ಲಿ ಉಜ್ಜಿದಳು. ಸಿಪ್ಪೆ ಹೊಟ್ಟಿನಂತೆ ಹಾರಿತು.

“ದಿನಾ ಬೆಚ್ಚಗಾಯ್ತಿದ್ವು. ಇವತ್ತು ಹುರ್ದವೆ ನೋಡಣ್ಣ.”

“ಮಿಲ್ ನಿಂತ್ರೆ ನಮ್ ಕೂಲಿನೂ ನಿಲ್ತೈತೆ, ಸುಮ್ಕಿರೇ!” ಎಂದು ಪಕ್ಕದಲ್ಲಿ ಕೇರುತ್ತಿದ್ದ ಓಬಳಮ್ಮ ಗದರಿದಳು. ಇಪ್ಪತ್ತು ಹೆಂಗಸರೂ ತಿರುಗಿ ನೋಡಿದರು. ಮಾತು ಸುಳ್ಳಾದರೆ ನಾಳೆ ಇವರ ನಡುವೆ ತಲೆಯೆತ್ತಿ ಕೂರುವಂತಿಲ್ಲ. ಆದರೂ ದಾಸಮ್ಮ ಜಗ್ಗಲಿಲ್ಲ.

“ಬಿಚ್ಚಣ್ಣ. ಸುಳ್ಳಾದ್ರೆ ಈ ಜಾಗ ಬುಟ್ಟು ಹೋಯ್ತೀನಿ.”

ರೇಣುಕಯ್ಯ ಗೊಣಗುತ್ತಲೇ ಯಂತ್ರ ನಿಲ್ಲಿಸಿ, ಬೆಲ್ಟು ಕಳಚಿ, ಗೂಡು ಬಿಚ್ಚಿದ. ಕರಗಿ ಕರ್ರಗಾದ ಗ್ರೀಸು ಸುರಿಯಿತು. ಒರೆಸಿ ನೋಡಿದರೆ ಗುಂಡುಗಳನ್ನು ಹಿಡಿದಿಡುವ ಹಿತ್ತಾಳೆ ಬಳೆ ಎರಡು ಕಡೆ ಸೀಳಿತ್ತು. ಇನ್ನೊಂದು ಗಂಟೆ ಓಡಿದ್ದರೆ ಶಾಫ್ಟೇ ಹಾಳಾಗಿ, ಸುಗ್ಗಿ ಮುಗಿಯುವವರೆಗೆ ಮಿಲ್ಲಿಗೆ ಬೀಗ ಬೀಳುತ್ತಿತ್ತು. ದಾಸಮ್ಮ ಹೆಮ್ಮೆ ತಡೆಯಲಾಗದೆ, ಮುಖ ಒರೆಸುವ ನೆಪದಲ್ಲಿ ಸೆರಗಿನೊಳಗೇ ನಕ್ಕಳು.

ಮಧುಗಿರಿಯ ಬಸ್ಸಿನಲ್ಲಿ ಹೊಸ ಬೇರಿಂಗು ಬಂದು, ಮೂರು ಗಂಟೆಗೆ ಗೂಡು ಸೇರಿತು. ರೇಣುಕಯ್ಯ ಹಳೇ ತಾರೀಕು ಅಳಿಸಿ ಹೊಸದನ್ನು ಬರೆದ. ಕೆಳಗೆ ತನ್ನ ಹೆಸರು ಬರೆಯಲಿಲ್ಲ. ಕಾಯಿ ಸುರಿಯದೆ ಯಂತ್ರವನ್ನು ಅರ್ಧ ಗಂಟೆ ಬರಿದೇ ಓಡಿಸಿದ. ಓಬಳಮ್ಮ ಮೂಟೆಯ ಬಾಯಿ ಬಿಚ್ಚಿ ಕಾದು ನಿಂತಿದ್ದಳು.

ಅವನು ಗೂಡಿನ ಮೇಲೆ ತಾನೇ ಇಟ್ಟಿದ್ದ ನಾಲ್ಕು ಬೀಜ ಎತ್ತಿ ತಂದು ಅಂಗೈ ಚಾಚಿದ. “ನೋಡು ದಾಸಕ್ಕ.”

ದಾಸಮ್ಮ ಒಂದನ್ನು ಬೆರಳಲ್ಲಿ ಹಿಡಿದು ಉಜ್ಜಿದಳು. ಇನ್ನೊಮ್ಮೆ ಉಜ್ಜಿದಳು. ಬೀಜ ದಿನದಂತೆ ಬೆಚ್ಚಗಷ್ಟೇ ಇತ್ತು, ಸಿಪ್ಪೆ ಕದಲಲಿಲ್ಲ.

“ಸುರಿಯೇ, ಓಬಳಿ,” ಎಂದು ಮೊರ ಕೈಗೆತ್ತಿಕೊಂಡಳು.