ದಾರಿ ಗೊತ್ತಿಲ್ಲದ ರಾಮಾಂಜಿನಪ್ಪ

ರಾಮಾಂಜಿನಪ್ಪನವರಿಗೆ ದಾರಿಯೇ ಗೊತ್ತಾಗುತ್ತಿರಲಿಲ್ಲ. ಇಪ್ಪತ್ತಾರು ವರ್ಷ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳನ್ನು ಸುತ್ತಿ ಸವೆಸಿದ ಪ್ರೊಬೇಷನ್ ಅಧಿಕಾರಿ, ಬೂದಿಗೆರೆಯ ಆಚೆಯ ಆ ಪುಟ್ಟ ಊರಿಗೆ ಐದನೆಯ ಸಲ ಬಂದಾಗಲೂ, ಬಸ್ಸಿಳಿದು ಕಂದು ಕೋಟಿನ ಗುಂಡಿ ಸರಿಮಾಡಿಕೊಂಡು, ಪೂರ್ವ ಯಾವುದು ಪಶ್ಚಿಮ ಯಾವುದು ಎಂಬ ಸಂದೇಹದ ಮುಖಮುದ್ರೆ ತಾಳಿ ನಿಲ್ದಾಣದಲ್ಲೇ ನಿಂತುಬಿಡುತ್ತಿದ್ದರು. ಅವರ ನಿಗಾದಲ್ಲಿದ್ದ ನರೇಶ್ ಬಂದು ತನ್ನ ಮನೆಗೆ ಕರೆದುಕೊಂಡು ಹೋಗಬೇಕು. "ಅದಿರ್ಲಿ, ಹೋದ್ಸಲ ಇಲ್ಲಿ ರಾಗಿ ಹೊಲ ಇತ್ತಲ್ಲಪ್ಪಾ? ಈಗ ನೋಡಿದ್ರೆ ಲೇಔಟು. ನಂಗೆ ದಾರಿ ಹೆಂಗೆ ತಿಳೀಬೇಕು?" ಎನ್ನುವರು. ಮಾತೇನೋ ಸುಳ್ಳಲ್ಲ, ಊರಿನ ಸುತ್ತ ಕಮಾನುಗಳೂ ಕಾಂಪೌಂಡುಗಳೂ ತಿಂಗಳಿಗೊಂದರಂತೆ ಏಳುತ್ತಲೇ ಇದ್ದವು. ಆದರೆ ನರೇಶನ ಮನೆಯ ದಾರಿ ಮಾತ್ರ ಅವನಜ್ಜನ ಕಾಲದಿಂದ ಒಂದೇ.

ನೋಡಿದವರಿಗೆ ನಗು ಬರುವಂಥ ಆಕೃತಿ ಅವರದು. ಏಪ್ರಿಲ್ ಬಿಸಿಲಿನಲ್ಲೂ ಮೈಯಿಂದ ಇಳಿಯದ ಆ ಕೋಟು ಮದುವೆಗೆ ಹೊಲಿಸಿದ್ದಂತೆ. ಈಗ ಹೊಟ್ಟೆಯ ಮೇಲೆ ಒಂದೇ ಗುಂಡಿಯನ್ನು ನಂಬಿ ನಿಂತಿತ್ತು. ಅದರ ಎಡ ಜೇಬಿನಲ್ಲಿ ಹೊಸಕೋಟೆ, ಬಲ ಜೇಬಿನಲ್ಲಿ ದೇವನಹಳ್ಳಿ, ಒಳಜೇಬಿನಲ್ಲಿ ನ್ಯಾಯಾಲಯ. ಕಾಗದಗಳು ಎಂದೂ ಜೇಬು ತಪ್ಪಿದ್ದಿಲ್ಲ. ವರ್ಷಾನುಗಟ್ಟಲೆ ಹೊತ್ತ ಚೀಲದ ಭಾರಕ್ಕೆ ಎಡಭುಜ ಇಳಿದುಹೋಗಿ, ಕೊಂಚ ಓರೆಯಾಗಿ, ಜೊತೆಗಾರರಿಗಿಂತ ಅರ್ಧ ಹೆಜ್ಜೆ ಹಿಂದೆಯೇ ನಡೆಯುವರು. ಯಾರು ಯಾವ ಗೋಳು ತೋಡಿಕೊಂಡರೂ "ಅದಿರ್ಲಿ" ಎಂದು ಶುರುಮಾಡಿ, ಮಳೆ, ಬೆಳೆ, ಮೊಣಕಾಲು ನೋವುಗಳನ್ನೆಲ್ಲ ಪ್ರದಕ್ಷಿಣೆ ಹಾಕಿ, ಕಡೆಗೆ ಹೇಳಬೇಕಾದ ಒಂದೇ ಮಾತಿಗೆ ಬಂದು ಸೇರುವರು.

ನರೇಶ್ ಟೆಂಪೋ ಓಡಿಸುವವನು. ಎಲೆಕೋಸಿನ ಮೂಟೆ ಎತ್ತಿ ಎತ್ತಿ ಸೊಂಟ ಹಿಡಿದಾಗ ಯಾರೋ ಕೊಟ್ಟ ನೋವಿನ ಮಾತ್ರೆ, ನೋವು ಹೋದ ಮೇಲೂ ಅವನನ್ನು ಬಿಡಲಿಲ್ಲ. ಮೂವತ್ತೆರಡನೆಯ ವಯಸ್ಸಿಗೆ ಜೇಬಿನ ತುಂಬ ಮಾತ್ರೆಗಳೊಂದಿಗೆ ಸಿಕ್ಕಿಬಿದ್ದು, ತಪ್ಪೊಪ್ಪಿಕೊಂಡು ಕಟಕಟೆಯಲ್ಲಿ ತಲೆತಗ್ಗಿಸಿದವನನ್ನು ನ್ಯಾಯಾಧೀಶರು ಜೈಲಿನ ಬದಲು ಸರ್ಕಾರಿ ಆಸ್ಪತ್ರೆಯ ವ್ಯಸನಮುಕ್ತಿ ವಾರ್ಡಿಗೆ ಕಳಿಸಿದರು. ಒಂದು ವರ್ಷದ ಚಿಕಿತ್ಸೆ. ವಾರ್ಡಿನಿಂದ ಮನೆಗೆ ಬಂದ ಮೇಲೆ ತಿಂಗಳಿಗೊಮ್ಮೆ ಪ್ರೊಬೇಷನ್ ಅಧಿಕಾರಿಯ ವರದಿ. ಬರೆದುಕೊಟ್ಟ ಮುಚ್ಚಳಿಕೆ ಮುರಿದರೆ ಜೈಲು. ಆ ಕೋಟು ಕಂಡರೆ ತಾಯಿ ಮುನಿಗಂಗಮ್ಮ ಕೈಮುಗಿಯುತ್ತಿದ್ದಳು. ನರೇಶನಿಗೆ ಮಾತ್ರ ಅದರ ಒಳಜೇಬೊಂದೇ ಕಾಣುತ್ತಿತ್ತು.

ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವನು ಮಿಂದು ತಲೆ ಬಾಚಿಕೊಂಡು ನಿಲ್ದಾಣಕ್ಕೆ ಬರಬೇಕು, ಮುಂದೆ ನಡೆಯಬೇಕು; ಅಧಿಕಾರಿ ಹಿಂದೆ. ಹೀಗಾಗಿ ಊರಿನ ಕಣ್ಣಿಗೆ ಬೀಳುತ್ತಿದ್ದುದು ಸರ್ಕಾರ ಹುಡುಕಿಕೊಂಡು ಬಂದ ಅಪರಾಧಿಯಲ್ಲ, ದಾರಿ ತಪ್ಪಿದ ಹಿರಿಯರೊಬ್ಬರನ್ನು ಮನೆಗೆ ಕರೆತರುವ ಗೃಹಸ್ಥ. "ಲೇ ನರೇಶ, ಸಾಹೇಬ್ರ ಕೈ ಹಿಡ್ಕೊಳ್ಳೋ, ಚರಂಡಿಗೆ ಬಿದ್ಗಿದ್ದಾರು!" ಎಂದು ಚಹಾ ಅಂಗಡಿಯ ಪಿಳ್ಳಪ್ಪ ಛೇಡಿಸುತ್ತಿದ್ದ. ಎಷ್ಟೋ ದಿನಗಳ ಮೇಲೆ ಊರು ತನ್ನೊಡನೆ ತಮಾಷೆ ಮಾಡುತ್ತಿದೆಯೆಂದು ನರೇಶನಿಗೆ ಒಳಗೊಳಗೇ ಹಿಗ್ಗು.

ಮನೆಗೆ ಮರಳಿದ ಆರನೆಯ ತಿಂಗಳಲ್ಲಿ ಅವನು ಜಾರಿದ. ಭಾನುವಾರ ಮತ್ತೆ ಸೊಂಟ ಹಿಡಿದಿತ್ತು, ಹಳೆಯ ಗೆಳೆಯನೊಬ್ಬ ಸಿಕ್ಕಿದ್ದ, ನಾಲ್ಕು ಮಾತ್ರೆ ಗಂಟಲಿಳಿದಿದ್ದವು. ಸೋಮವಾರ ಹತ್ತು ಗಂಟೆಗೆ ಅವನು ದ್ರಾಕ್ಷಿ ತೋಟದಾಚೆಯ ಪಂಪ್‌ಹೌಸಿನ ಹಿಂದೆ ಕುಕ್ಕರಿಸಿದ್ದ. ಅಲ್ಲಿಂದ ನಿಲ್ದಾಣ ನೇರ ಕಾಣುತ್ತದೆ. ಬಸ್ಸು ಬಂತು, ಕೋಟು ಇಳಿಯಿತು, ನಿಂತಿತು. ಹನ್ನೊಂದರ ಬಸ್ಸಿಗೆ ಹತ್ತಿ ಹೋದಾರು ಎಂದುಕೊಂಡ, ಹೋಗಲಿಲ್ಲ. ಮಧ್ಯಾಹ್ನದ ಬಸ್ಸೂ ಧೂಳೆಬ್ಬಿಸಿಕೊಂಡು ಹೋಯಿತು. ಮನೆಯ ಕಡೆ ಹೊರಟರೆ ತಾನು ಕೆಟ್ಟೆ ಎಂದು ನರೇಶ್ ಕಣ್ಣಿಟ್ಟು ನೋಡುತ್ತಿದ್ದರೆ, ಅವರು ಆ ಕಡೆಗೂ ಕಾಲಿಡಲಿಲ್ಲ. ಮುನಿಗಂಗಮ್ಮ ಸೆರಗು ಬಿಗಿದುಕೊಂಡು ನಿಲ್ದಾಣಕ್ಕೆ ಓಡಿದ್ದಳು. ಆಗ ನಡೆದದ್ದನ್ನು ಆಕೆ ಆಮೇಲೆ ಕಂಡಕಂಡವರಿಗೆಲ್ಲ ಹೇಳಿದ್ದಾಳೆ.

"ಬನ್ನಿ ಸ್ವಾಮಿ ಮನೆಗೆ, ಬಿಸ್ಲು."

"ನರೇಶ ಬರ್ಲಿ ತಾಯಿ. ನಂಗೆ ದಾರಿ ಗೊತ್ತಿಲ್ಲ."

"ಅಯ್ಯೋ, ದಾರಿ ಗೊತ್ತಿರೋಳು ಕಣ್ಮುಂದೇನೇ ನಿಂತಿದೀನಲ್ಲ!"

"ಅದಿರ್ಲಿ, ಮಜ್ಜಿಗೆ ಇದ್ರೆ ಒಂದ್ಲೋಟ ಕೊಡಿ."

ಮಜ್ಜಿಗೆ ನಿಂತೇ ಕುಡಿದರು. ಮೂರೂವರೆಗೆ, ನಿಲ್ದಾಣದ ತಗಡಿನ ಸೂರಿನ ನೆರಳು ಸರಿದು ಕೋಟು ಪೂರ್ತಿ ಬಿಸಿಲಿಗೆ ಬಿದ್ದಾಗ, ನರೇಶನಿಗೆ ನೋಡಲಾಗಲಿಲ್ಲ. ಎದ್ದು, ಊರಿನ ನಡುವೆಯೇ ನಡೆದು ಬಂದ.

"ಸಾರ್, ನಿನ್ನೆ ನಾಲ್ಕು ಮಾತ್ರೆ ನುಂಗ್ಬಿಟ್ಟೆ. ಬರ್ದು ಕಳ್ಸಿ. ಜೈಲ್ಗೆ ಹೋಗ್ತೀನಿ."

ಆ ಹೊತ್ತಿನಲ್ಲಿ ರಾಮಾಂಜಿನಪ್ಪನವರು "ಅದಿರ್ಲಿ" ಎನ್ನಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತು, ಒಳಜೇಬಿನ ಕಾಗದವನ್ನು ಚೀಲದ ಮೇಲೆ ಹರಡಿ, ಬರೆದು, ಬರೆದದ್ದನ್ನು ಅವನಿಗೇ ಓದಿ ಹೇಳಿದರು: "ಸದರಿ ನರೇಶ್ ಎಂಬುವವರು ಪುನಃ ಮಾತ್ರೆ ಸೇವಿಸಿದ್ದು, ಆ ಸಂಗತಿಯನ್ನು ತಾವಾಗಿಯೇ ಬಂದು ತಿಳಿಸಿರುತ್ತಾರೆ. ಚಿಕಿತ್ಸೆ ಮುಂದುವರಿಸುವುದು ಸೂಕ್ತ." 'ತಾವಾಗಿಯೇ ಬಂದು' ಎಂಬುದರ ಕೆಳಗೆ ಗೆರೆ ಎಳೆದರು.

ಮನೆಗೆ ಹೋಗಿದ್ದರೆ 'ಸಿಗಲಿಲ್ಲ' ಎಂದು ಬರೆಯಬೇಕಾಗುತ್ತಿತ್ತು, ಹುಡುಕಿದ್ದರೆ 'ಪತ್ತೆಯಾದರು' ಎಂದು. ಸುಳ್ಳು ಬರೆಯುವ ಕೈ ಅದಲ್ಲ. ಎರಡು ಪದ ನಿಜವಾಗಲೆಂದು ಆ ಮನುಷ್ಯ ಐದೂವರೆ ಗಂಟೆ ಕಾಲೂರಿ ಕಾದಿದ್ದರು. ನರೇಶನಿಗೆ ಇದು ಅರ್ಥವಾದದ್ದು ನ್ಯಾಯಾಲಯದಲ್ಲಿ, ಗೆರೆ ಎಳೆದ ಜಾಗಕ್ಕೆ ಬಂದ ನ್ಯಾಯಾಧೀಶರು ತಲೆಯೆತ್ತಿ ಅವನನ್ನೊಮ್ಮೆ ನೋಡಿ, ಮತ್ತೆ ವಾರ್ಡಿಗೇ ಕಳಿಸಿದಾಗ. ಅಂದು ನಿಲ್ದಾಣದಲ್ಲಿ ಮಾತ್ರ ಅವನಿಗೆ ಕೇಳಿಸಿದ್ದು ಇಷ್ಟೇ: "ಅದಿರ್ಲಿ, ಆಸ್ಪತ್ರೆಗೆ ಯಾವ ಬಸ್ಸಪ್ಪಾ? ನಂಗೊತ್ತಿಲ್ಲ." ಅವನೇ ಮುಂದಾಗಿ ಬಸ್ಸು ಹತ್ತಿಸಿ ಕರೆದುಕೊಂಡು ಹೋದ.

ವರ್ಷ ತುಂಬಿತು, ಪ್ರಕರಣ ಮುಗಿಯಿತು. ನಿವೃತ್ತಿಯ ವಾರ ರಾಮಾಂಜಿನಪ್ಪನವರು ಹೇಳದೆ ಕೇಳದೆ ಬಂದರು. ದ್ರಾಕ್ಷಿ ತೋಟದ ತಂತಿಬೇಲಿಗೂ ಲೇಔಟಿನ ಗೋಡೆಗೂ ನಡುವೆ, ಊರವರಿಗಷ್ಟೇ ಗೊತ್ತಿರುವ ಕಾಲುಹಾದಿಯಲ್ಲಿ ಓರೆಯಾಗಿ ನುಸುಳಿಕೊಂಡು, ಯಾರನ್ನೂ ಕೇಳದೆ ನೇರ ಹಿತ್ತಲ ಬಾಗಿಲಿಗೆ. ಕೈಯಲ್ಲಿ ಕೊನೆಯ ಆದೇಶದ ನಕಲು.

"ಅಯ್ಯೋ ಸ್ವಾಮಿ, ದಾರಿ ಹೆಂಗೆ ಗೊತ್ತಾಯ್ತು?" ಎಂದಳು ಮುನಿಗಂಗಮ್ಮ.

ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ಅವರ ಮುಖ ಕೆಂಪಾಯಿತು. "ಅದಿರ್ಲಿ, ಕುಡಿಯೋಕೆ ನೀರು ಕೊಡಿ ತಾಯಿ."

ನರೇಶ್ ಒಳಗಿನಿಂದ ಎದ್ದು ಬಂದ. ಅವರ ಇಳಿದ ಭುಜದ ಚೀಲವನ್ನು ತೆಗೆದು ತನ್ನ ಹೆಗಲಿಗೆ ಹಾಕಿಕೊಂಡು, ಬಸ್ಸಿನವರೆಗೂ ಜೊತೆಗೆ ನಡೆದ.

ಮನೆಬಾಗಿಲು ತಟ್ಟಿ ಹಿಡಿದೊಯ್ಯುವ ಸರ್ಕಾರವನ್ನು ನಮ್ಮ ಹಳ್ಳಿಗಳು ಬೇಕಾದಷ್ಟು ಕಂಡಿವೆ. ಮನೆಯ ದಾರಿ ಬಾಯಿಪಾಠವಿದ್ದೂ ಅರಿಯದವರಂತೆ ಊರ ಬಾಗಿಲಲ್ಲಿ ನಿಂತು, ಬಿದ್ದವನು ತಾನಾಗಿಯೇ ಎದ್ದು ಬರುತ್ತಾನೆಂದು ಬಿಸಿಲಲ್ಲಿ ಕಾಯುವ ಸರ್ಕಾರವೂ ಒಂದಿದೆ. ಅದಕ್ಕೆ ಕಚೇರಿಯಲ್ಲಿ ಒಂದು ಮೇಜು, ಮೈಮೇಲೆ ಒಂದು ಹಳೆಯ ಕೋಟು, ಇಷ್ಟೇ ಆಸ್ತಿ. ಅಂಥವರ ಹೆಸರು ಯಾವ ಕಮಾನಿನ ಮೇಲೂ ಕೆತ್ತಿರುವುದಿಲ್ಲ. ಆದರೆ ಕಾಯುತ್ತಿರುವವರು ಒಬ್ಬರಿದ್ದಾರೆಂದು ಗೊತ್ತಿದ್ದರೆ, ಎಷ್ಟು ದೂರ ಹೋದವನೂ ನಡೆದು ಬರುತ್ತಾನೆ.