ಬೈಂಡರಕ್ಕನ ಕೈ

ಹಳೇ ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರಕ್ಕನಿಗೆ ಬಹಳ ಕಾಲದಿಂದ ಕೈಯದೇ ಗೋಳು. ಬೆರಳ ಸಂದಿಯಲ್ಲಿ ಬಿರುಕು, ಮುಂಗೈ ಮೇಲೆ ಹೊಟ್ಟಿನಂತೆ ಏಳುವ ಕೆಂಪು ಚರ್ಮ, ಕೆರೆದಷ್ಟೂ ಕೆರೆಯಬೇಕೆನಿಸುವ ನವೆ. ಇದು ಒಬ್ಬರಿಂದೊಬ್ಬರಿಗೆ ಹರಡುವಂಥದ್ದಲ್ಲ, ಕಾರಣ ಇಂಥದ್ದೇ ಎಂದು ಹೇಳಲು ಬರುವುದಿಲ್ಲ, ಒಂದೊಂದೇ ವಸ್ತುವನ್ನು ಬಿಟ್ಟು ನೋಡಿ ಎಂದು ಡಾಕ್ಟರು ಮುಲಾಮು ಬರೆದುಕೊಟ್ಟರು.

ಬೇರೆಯವರಾಗಿದ್ದರೆ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಈಕೆ ಪತ್ತೇದಾರಿಕೆಗೆ ಇಳಿದಳು. ಮೊದಲು ಮೊಟ್ಟೆ ಬಿಟ್ಟಳು, ಆಮೇಲೆ ಉಣ್ಣೆಯ ಸ್ವೆಟರು. ಗಂಡನ ಮುಖ ಸಣ್ಣಗಾದರೂ ಅವನು ತೊಡಿಸಿದ್ದ ಉಂಗುರವನ್ನೂ ತೆಗೆದಿಟ್ಟಳು. ನವೆ ಜಗ್ಗಲಿಲ್ಲ. ಕಡೆಗೆ ಅನುಮಾನ ಹೋಗಿ ನಿಂತದ್ದು ಅಂಗಡಿಯ ಅಂಟಿನ ಮೇಲೆ. ಅದನ್ನು ಬಿಡುವುದೆಂದರೆ ಕಸುಬನ್ನೇ ಬಿಟ್ಟಂತೆ. ಚಿಂದಿಯಾದ ಪುಸ್ತಕವೊಂದು ತನ್ನ ಕೈಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಳ್ಳುವುದನ್ನು ನೋಡದೆ ಬದುಕುವುದು ಹೇಗೆಂದು ಅವಳಿಗೆ ಹೊಳೆಯಲಿಲ್ಲ. ಆದರೂ ತಿಳಿದೇ ತೀರಬೇಕೆಂಬ ಹಟ. ಒಂದು ತಿಂಗಳು ಅಂಗಡಿ ಮುಚ್ಚಿದಳು.

ಕೈ ವಾಸಿಯಾಯಿತು. ಮನೆಯವರೆಲ್ಲ ಹಿಗ್ಗಿ ಹೀರೇಕಾಯಿಯಾದರು. ನಾದಿನಿ ತನ್ನ ಬಟ್ಟೆ ಅಂಗಡಿಯಲ್ಲಿ ಅವಳಿಗೊಂದು ಕೆಲಸವನ್ನೂ ಗೊತ್ತುಮಾಡಿದಳು. ಬೈಂಡರಕ್ಕ ಮಾತ್ರ ನುಣುಪಾದ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತ ಒಳಗೊಳಗೇ ಅತ್ತಳು.

ಅಂಗಡಿಯ ಕೀಲಿಕೈಯನ್ನು ಮಾಲೀಕನಿಗೆ ಒಪ್ಪಿಸಲು ಹೊರಟ ಬೆಳಿಗ್ಗೆ ಅತ್ತೆಗೆ ಹೆಮ್ಮೆ ತಡೆಯಲಾಗಲಿಲ್ಲ.

"ಅಂಟೂ ಇಲ್ಲ ಗಿಂಟೂ ಇಲ್ಲ. ನೀನು ಅಂಗಡಿ ಮುಚ್ಚಿದ ದಿನವೇ ನಿನ್ನ ಸೋಪು ಎಸೆದು ಬೇರೆ ಇಟ್ಟವಳು ನಾನು."

ಗಂಡ ಕೆಮ್ಮಿದ. ಬಟ್ಟೆ ಒಗೆಯುವ ಪುಡಿಯನ್ನು ಬದಲಾಯಿಸಿ ಹಳೇ ಡಬ್ಬಿಗೇ ತುಂಬಿಟ್ಟದ್ದು ತಾನೆಂದು ಒಪ್ಪಿಕೊಂಡ. ಮಗಳು ಇನ್ನೂ ಒಂದು ಕೈ ಮೇಲೆ: ಅಮ್ಮನ ದಿಂಬನ್ನೇ ಸಾಗಹಾಕಿ ಅದೇ ಗವಸಿನಲ್ಲಿ ಹೊಸದನ್ನು ತುರುಕಿದ್ದಳು. ಒಂದೊಂದೇ ಬಿಡಬೇಕೆಂದು ಡಾಕ್ಟರು ಹೇಳಿದ್ದು ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಮೂವರೂ ತುಟಿಪಿಟಕ್ಕೆಂದಿರಲಿಲ್ಲ.

ಪರೀಕ್ಷೆಯನ್ನೆಲ್ಲ ಹಾಳುಗೆಡವಿದ್ದಕ್ಕೆ ಅವಳಿಗೆ ಮೈಯೆಲ್ಲ ಉರಿಯಬೇಕಿತ್ತು. ಬದಲಿಗೆ ನಗು ಉಕ್ಕಿ ಬಂತು. ಇನ್ನು ಅಂಟೊಂದರ ಮೇಲೇ ತಪ್ಪು ಹೊರಿಸುವಂತಿರಲಿಲ್ಲ. ಕಾರಣ ಗೊತ್ತಾಗದೆ ಹೋದದ್ದಕ್ಕೆ ಅವಳು ಸಂತೋಷಪಟ್ಟದ್ದು ಅದೇ ಮೊದಲು. ಕೀಲಿಕೈ ಹಿಡಿದು ಹೋದವಳು ಅಂಗಡಿಯ ಬಾಗಿಲು ತೆರೆದು ಅಂಟು ಕಾಯಿಸಲು ಇಟ್ಟಳು.

ಕೆಲವು ವಾರ ಕಳೆಯುವಷ್ಟರಲ್ಲಿ ಮೊಣಕೈ ಮಡಿಕೆಯಲ್ಲಿ ಕೆಂಪು ಮತ್ತೆ ಇಣುಕಿತು. ಅಲ್ಲಿಗೆ ಅಂಟು ಸೋಕಿದ್ದೇ ಇಲ್ಲ. ಆದರೆ ಅಷ್ಟರಿಂದ ಏನೂ ಸಾಬೀತಾಗದೆಂದು ಅವಳಿಗೆ ಗೊತ್ತಿತ್ತು. ಮತ್ತೆ ಮೊದಲಿನಿಂದ ಶುರು ಮಾಡೋಣವೇ ಎಂದು ಗಂಡ ಮೆಲ್ಲಗೆ ಕೇಳಿದ. ಅವಳು ಮುಲಾಮು ಸವರಿಕೊಳ್ಳುತ್ತ ಹೇಳಿದಳು:

"ಮಾಡೋಣ. ಸೋಪು, ಪುಡಿ, ದಿಂಬು, ಬೇಕಾದ್ರೆ ನಿಮ್ಮನ್ನೂ ಬಿಟ್ಟು ನೋಡ್ತೀನಿ. ಅಂಗಡಿ ಮಾತ್ರ ಎಲ್ಲಕ್ಕಿಂತ ಕಡೇಗೆ."