ದೆಲ್ಫಿನಾ ಚೌಕದಲ್ಲಿ ಆಡಿದ ಮಾತು

ರೊಸೆಂದೊ ಲಾಮ್ ಹೊಲಿದ ಬೂಟು ಹಾಕದ ಕಾಲು ನಮ್ಮೂರಲ್ಲಿ ಇರಲಿಲ್ಲ. ಮದುವೆಗೆ, ಹತ್ತಿ ಬಿಡಿಸುವ ಸುಗ್ಗಿಗೆ, ಕೊನೆಗೆ ಹೆಣಕ್ಕೆ ತೊಡಿಸುವುದಕ್ಕೂ ಅವನ ಅಂಗಡಿಯೇ ಆಗಬೇಕಿತ್ತು. ಚೀನಾದ ಕ್ಯಾಂಟನ್ ಕಡೆಯ ಹಳ್ಳಿಯಿಂದ ಮೀಸೆ ಮೂಡುವ ಮೊದಲೇ ಮೆಕ್ಸಿಕೊದ ನಮ್ಮ ಸೊನೋರಾ ಸೀಮೆಗೆ ಬಂದವನು ಅವನು. ರೊಸೆಂದೊ ಎಂಬ ಹೆಸರು ಬಂದದ್ದು ದೆಲ್ಫಿನಾಳನ್ನು ಕಟ್ಟಿಕೊಳ್ಳಲೆಂದು ನಮ್ಮ ಪಾದ್ರಿಯ ಕೈಯಲ್ಲಿ ಜ್ಞಾನಸ್ನಾನ ಮಾಡಿಸಿಕೊಂಡಾಗ. ಅವರಿಗೆ ಲೂಸ್ ಎಂಬ ಒಬ್ಬಳೇ ಮಗಳು. ನಾನು ಅವರ ಎದುರು ಮನೆಯವಳು, ಲೂಸ್‌ಳ ಜ್ಞಾನಸ್ನಾನದ ದಿನ ಮಗುವನ್ನು ಎತ್ತಿಕೊಂಡು ನಿಂತವಳು. ಹಾಗಾಗಿ ನಾನು ಕಣ್ಣಾರೆ ಕಾಣದೇ ಇದ್ದದ್ದನ್ನೂ ದೆಲ್ಫಿನಾ ಎಷ್ಟೋ ವರ್ಷದ ಮೇಲೆ ನನಗೆ ಬಾಯಿ ಬಿಟ್ಟು ಹೇಳಿದಳು.

ದೆಲ್ಫಿನಾಳ ತಮ್ಮ ಎವರಿಸ್ತೊ ಅಮೆರಿಕದ ತಾಮ್ರದ ಗಣಿಯಲ್ಲಿ ಕೂಲಿಗಿದ್ದ. ಗಣಿಗಳು ಮುಚ್ಚಿದಾಗ ಅಲ್ಲಿನವರು ನಮ್ಮವರನ್ನೆಲ್ಲ ರೈಲಿಗೆ ತುಂಬಿ ಈ ಕಡೆ ದಬ್ಬಿದರು. ಹರಕು ಅಂಗಿಯಲ್ಲಿ ಬಂದಿಳಿದ ಮೈದುನನಿಗೆ ರೊಸೆಂದೊ ಅಂಗಡಿಯ ಹಿಂದಿನ ಕೋಣೆ ಬಿಟ್ಟುಕೊಟ್ಟ, ಹೊಲಿಗೆ ಕಲಿಸಲು ನೋಡಿದ. ಚೀನಾದವನ ಕೈಕೆಳಗೆ ಕೂತು ದಾರ ಎಳೆಯುವುದು ಎವರಿಸ್ತೊಗೆ ಅವಮಾನವಾಗಿ ಕಂಡಿತು. ಅಕ್ಕನ ಮನೆಯಲ್ಲಿ ಉಂಡು ಚೌಕದಲ್ಲಿ ಕಾಲ ಕಳೆಯತೊಡಗಿದ.

ಆ ಚೌಕದಲ್ಲೇ ಔಷಧದಂಗಡಿಯ ಹಿಲಾರಿಯೊ, ಊರು ಮರ್ಯಾದೆಗೆ ಡಾನ್ ಹಿಲಾರಿಯೊ ಎನ್ನುತ್ತಿದ್ದವನು, ಚೀನೀಯರನ್ನು ಓಡಿಸುವ ತನ್ನ ಸಮಿತಿಯ ಭಾಷಣ ನಡೆಸುತ್ತಿದ್ದ. "ನಿಮ್ಮ ಕೆಲ್ಸ ಕಿತ್ಕೊಂಡೋರು ಯಾರು? ನಿಮ್ಮ ಹೆಣ್ಮಕ್ಕಳನ್ನ ಹಾರಿಸ್ಕೊಂಡು ಹೋದೋರು ಯಾರು?" ಎಂದು ಅವನು ಕೂಗಿದರೆ ಜನ "ಚೀನಾದೋರು!" ಎನ್ನುತ್ತಿದ್ದರು. ಎವರಿಸ್ತೊನಂಥವರನ್ನು ಕೆಲಸದಿಂದ ಹೊರಗೆ ಹಾಕಿದ್ದು ಗಣಿಯ ಬಿಳಿಯರು. ಆದರೆ ಬಿಳಿಯರು ದೂರದಲ್ಲಿದ್ದರು, ರೊಸೆಂದೊ ಓಣಿಯ ತುದಿಯಲ್ಲಿದ್ದ. ಎವರಿಸ್ತೊನ ತೋಳಿಗೆ ಸಮಿತಿಯ ಹಸಿರು ಪಟ್ಟಿ ಬಂತು. ಸಮಿತಿಯ ಹುಡುಗರು ಅಂಗಡಿಯ ಬಾಗಿಲಲ್ಲಿ ನಿಂತು ಗಿರಾಕಿಗಳನ್ನು ಹಿಂದಕ್ಕೆ ಕಳಿಸತೊಡಗಿದರು. ದೆಲ್ಫಿನಾ ನೀರಿಗೆ ಹೋದರೆ ಹೆಂಗಸರು "ಏ ಚೀನಾದೋನ ಸೂಳೆ, ಇಲಿ ಬೇಯ್ಸಿದ್ದೀಯಾ ಇವತ್ತು?" ಎಂದು ಕೊಡಕ್ಕೆ ಉಗಿಯುತ್ತಿದ್ದರು. ಹಾಗೆ ಉಗಿದವರಲ್ಲಿ ಅವಳ ಜೊತೆ ಶಾಲೆಗೆ ಹೋದವರೂ ಇದ್ದರು.

ಒಂದು ದಿನ ಊಟಕ್ಕೆ ಕೂತಾಗ ಎವರಿಸ್ತೊ ಹೇಳಿದ:

"ಭಾವ, ಸುಮ್ನೆ ಹೊರಟೋಗಿ. ಅಂಗಡಿ ನಾನು ನೋಡ್ಕೋತೀನಿ. ಅಕ್ಕನಿಗೆ ಏನೂ ಆಗಲ್ಲ."

"ಎಲ್ಲಿಗೆ ಹೋಗ್ಲಪ್ಪ? ನನಗಿರೋ ಊರು ಇದೊಂದೇ."

"ನಿಮ್ಮೂರಿಗೆ."

"ತಿನ್ನೋ ರೊಟ್ಟಿ ಯಾರದು ಅಂತ ನೋಡ್ಕೊಂಡು ಮಾತಾಡು" ಎಂದಳು ದೆಲ್ಫಿನಾ. ಅವನು ತಟ್ಟೆ ತಳ್ಳಿ ಎದ್ದು ಹೋದ.

ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿದು ಜನ ಹೊರಬರುವ ಹೊತ್ತಿಗೆ ಸಮಿತಿಯವರು ಮನೆಗೆ ನುಗ್ಗಿದರು. ರೊಸೆಂದೊನನ್ನು ಒದ್ದ ಬೂಟುಗಳಲ್ಲಿ ಹೆಚ್ಚಿನವು ಅವನೇ ಹೊಲಿದವು. ಕೈಗಳನ್ನು ಹಿಂದಕ್ಕೆ ಕಟ್ಟಿ ಚೌಕಕ್ಕೆ ಎಳೆದೊಯ್ದರು. ಅಲ್ಲಿ ಲಾರಿ ನಿಂತಿತ್ತು. ತರಕಾರಿ ಬೆಳೆಯುವ ಚೀನೀಯರನ್ನು ಆಗಲೇ ಅದರಲ್ಲಿ ಕೂರಿಸಿದ್ದರು. ದೆಲ್ಫಿನಾ ಜ್ವರ ಬಂದ ಲೂಸ್‌ಳನ್ನು ಹೆಗಲಿಗೆ ಹಾಕಿಕೊಂಡು ಓಡಿಬಂದಳು. ನಾನೂ ಅವಳ ಬೆನ್ನಿಗೇ ಇದ್ದೆ.

ಡಾನ್ ಹಿಲಾರಿಯೊ ಬಹಳ ಮೆತ್ತಗೆ ಮಾತಾಡಿದ. "ನೋಡಮ್ಮ, ನಾವೇನು ರಾಕ್ಷಸರಲ್ಲ. ಇವನು ನಿನ್ನ ಬಲವಂತವಾಗಿ ಇಟ್ಕೊಂಡಿದ್ದ ಅಂತ ಎಲ್ಲರ ಮುಂದೆ ಹೇಳ್ಬಿಡು. ಮಗೂನ ಜ್ವರ ಇಳಿಯೋವರೆಗೆ ಇವನು ಮನೇಲೇ ಇರಲಿ. ಆಮೇಲೆ ನೋಡೋಣ."

ದೆಲ್ಫಿನಾ ತಮ್ಮನ ಕಡೆ ತಿರುಗಿದಳು. "ನಿಜಾನೇನೋ?"

"ನಿಜ ಅಕ್ಕ. ಅಮ್ಮನಾಣೆ."

ಸತ್ತ ತಾಯಿಯ ಆಣೆ ಎಂದ ಮೇಲೆ ಅವಳು ನಂಬಿದಳು. ಗಂಡನ ಮುಖ ನೋಡದೆ ಹೇಳಿದಳು: "ಇವನು ನನ್ನ ಬಲವಂತವಾಗಿ ಇಟ್ಕೊಂಡಿದ್ದ."

"ಕೇಳಿಸ್ಲಿಲ್ಲ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಅವಳು ಮತ್ತೆ ಹೇಳಿದಳು. ಜೋರಾಗಿ ಹೇಳಿದಳು. 'ನನ್ನ ಮೈಗೆ ಕೊಳಕು ಹತ್ತಿಸಿದ' ಎಂದು ಹೇಳು ಎಂದರು, ಅದನ್ನೂ ಹೇಳಿದಳು. ಜನ ಚಪ್ಪಾಳೆ ತಟ್ಟಿದರು. ಹೆಗಲ ಮೇಲಿದ್ದ ಲೂಸ್ ತಲೆಯೆತ್ತಿ ಅಮ್ಮನ ಬಾಯಿಯನ್ನೇ ನೋಡುತ್ತಿದ್ದಳು.

ಡಾನ್ ಹಿಲಾರಿಯೊ ಟೋಪಿ ಸರಿಮಾಡಿಕೊಂಡ. "ಕೇಳಿದ್ರಲ್ಲ ಎಲ್ಲರೂ? ಇಂಥವನನ್ನ ಊರಲ್ಲಿ ಇಟ್ಕೋಳೋಕಾಗುತ್ತಾ? ಹತ್ಸಿ ಲಾರಿಗೆ!"

ಹತ್ತಿಸಿದವನು ಎವರಿಸ್ತೊ. ದೆಲ್ಫಿನಾ ಲಾರಿಯ ಹಲಗೆ ಹಿಡಿದು ನೇತಾಡಿದಳು. ಒಬ್ಬ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ, ಉಳಿದವರು ನಕ್ಕರು. ರೊಸೆಂದೊನ ಬಾಯಿಯಿಂದ ರಕ್ತ ಸುರಿಯುತ್ತಿತ್ತು.

ಮರುದಿನದ ರೈಲಿಗೆ ಅವಳು ಮಗಳನ್ನು ಕಟ್ಟಿಕೊಂಡು, ಲಾರಿ ಹೋದ ಗಡಿಯೂರು ನೊಗಾಲೆಸ್‌ಗೆ ಹೊರಟಳು. ನಾನು ಬೇಡ ಅಂದೆ, ಕೇಳಲಿಲ್ಲ. ಅಷ್ಟರಲ್ಲಿ ನಮ್ಮವರು ಚೀನೀಯರನ್ನು ಗಡಿಯ ತಂತಿಬೇಲಿಯ ಕಂಡಿಯಿಂದ ಅಮೆರಿಕಕ್ಕೆ ನೂಕಿ, ಹಿಂದೆ ತಿರುಗಿದರೆ ಗುಂಡು ಹೊಡೆಯುತ್ತೇವೆಂದು ಹೆದರಿಸಿದ್ದರು. ಆಚೆಯವರು ಕದ್ದು ನುಸುಳಿದರೆಂದು ಅವರನ್ನು ಹಿಡಿದು ಜೈಲಿಗೆ ಹಾಕಿದ್ದರು. ದೆಲ್ಫಿನಾ ಅದೇ ಕಂಡಿಯಿಂದ ನುಗ್ಗಿದಳು. ಅಮೆರಿಕದ ಕಾವಲುಗಾರ "ನೀನು ಮೆಕ್ಸಿಕೊದವಳು, ಹಿಂದೆ ಹೋಗು" ಎಂದು ತಳ್ಳಿದ. ಈ ಕಡೆಯ ಸಿಪಾಯಿ ಬೇಲಿಗೆ ಬಂದೂಕು ಒರಗಿಸಿ ನಿಂತಿದ್ದ.

"ಗಂಡ ಯಾರು?"

"ರೊಸೆಂದೊ ಲಾಮ್."

"ಚೀನಾದೋನ್ನ ಕಟ್ಕೊಂಡ್ಮೇಲೆ ನೀನೂ ಚೀನಾದವಳೇ. ಅತ್ಲಾಗೆ ಹೋಗು."

ಸಂಜೆಯವರೆಗೂ ಆ ಕಡೆಯವನೊಮ್ಮೆ ಈ ಕಡೆಯವನೊಮ್ಮೆ ತಾಯಿ ಮಗಳಿಬ್ಬರನ್ನೂ ತಳ್ಳಿದರು. ಲೂಸ್ ಬಿಸಿಲಿಗೆ ಪ್ರಜ್ಞೆ ತಪ್ಪಿ ಬಿದ್ದ ಮೇಲೆ, ಮಗು ಬೇಲಿಯ ಬುಡದಲ್ಲೇ ಸತ್ತರೆ ರಗಳೆಯೆಂದು ಅಮೆರಿಕದವರು ಒಳಗೆ ಬಿಟ್ಟುಕೊಂಡು ಅದೇ ಜೈಲಿಗೆ ಹಾಕಿದರು. ಅಲ್ಲಿಂದ ಮೂವರನ್ನೂ ಚೀನಾದ ಹಡಗು ಹತ್ತಿಸಿದರು.

ಹಡಗಿನಲ್ಲಿ ಅವಳು ಗಂಡನ ಕಾಲು ಹಿಡಿದಳು. "ನಿಮ್ಮನ್ನ ಉಳಿಸ್ಕೊಳ್ಳೋಕೆ ಹಂಗಂದೆ."

"ನನಗೆ ಗೊತ್ತು ಕಣೇ. ಆದರೆ ಲೂಸ್‌ಗೆ ಹೇಗೆ ಗೊತ್ತಾಗ್ಬೇಕು?" ಅವಳನ್ನು ಮೇಲೆತ್ತಿ ಅವನು ಹೇಳಿದ: "ನಾನೂ ನಿಂಗೊಂದು ಹೇಳಿಲ್ಲ. ಊರಲ್ಲಿ ನಂಗೊಬ್ಬಳು ಹೆಂಡ್ತಿ ಇದಾಳೆ. ಹುಡುಗನಾಗಿದ್ದಾಗ ಅಮ್ಮ ಕಟ್ಟಿದ್ದು."

ದೆಲ್ಫಿನಾ ಸಮುದ್ರ ನೋಡುತ್ತ ಕೂತಳು. ಬೈಯುವುದಕ್ಕೂ ತನಗೆ ಬಾಯಿ ಉಳಿದಿರಲಿಲ್ಲ ಎಂದಳು ನನಗೆ.

ರೊಸೆಂದೊ ಹುಟ್ಟಿದ ಹಳ್ಳಿಯಲ್ಲಿ ಮೊದಲ ಹೆಂಡತಿ ಅವಳಿಗೆ ಹಂದಿಗೂಡಿನ ಪಕ್ಕದ ಅಟ್ಟ ತೋರಿಸಿದಳು. ಅತ್ತೆ ಅವಳು ಮುಟ್ಟಿದ ಬಟ್ಟಲನ್ನು ಒಡೆದು ಹಾಕಿದಳು. ಮಕ್ಕಳು "ಪರದೇಶಿ ದೆವ್ವ!" ಎಂದು ಕಲ್ಲೆಸೆದರು. ಮಾತು ತಿಳಿಯದಿದ್ದರೂ ಅರ್ಥವೇನೆಂದು ಯಾರೂ ಹೇಳಬೇಕಾಗಿರಲಿಲ್ಲ. ಕೊನೆಗೆ ರೊಸೆಂದೊ ತಾಯಿಯೊಡನೆ ಜಗಳವಾಡಿ ಇವರಿಬ್ಬರನ್ನೂ ಹತ್ತಿರದ ಬಂದರು ಮಕಾವ್‌ಗೆ ಕರೆತಂದ. ಅಲ್ಲಿ ಇಗರ್ಜಿಯ ಹಿಂದಿನ ಒಂದು ಕೋಣೆಯಲ್ಲಿ ವರ್ಷಗಟ್ಟಲೆ ಬೂಟು ಹೊಲಿದು ಅವರನ್ನು ಸಾಕಿದ.

ಜಪಾನಿನವರ ಬಾಂಬು ಬೀಳತೊಡಗಿದಾಗ ಮೆಕ್ಸಿಕೊ ಸರಕಾರಕ್ಕೆ ತನ್ನ ಹೆಣ್ಣುಮಕ್ಕಳ ನೆನಪಾಯಿತು. ಹೆಂಗಸರೂ ಮಕ್ಕಳೂ ವಾಪಸು ಬರಬಹುದು, ಗಂಡಂದಿರಿಗೆ ಜಾಗವಿಲ್ಲ. ದೆಲ್ಫಿನಾ ಹೋಗುವುದಿಲ್ಲ ಎಂದಳು. ರೊಸೆಂದೊನೇ ಅವಳ ಗಂಟು ಕಟ್ಟಿದ. "ಲೂಸ್ ಬದುಕ್ಲಿ. ನಾನು ಆಮೇಲೆ ಬರ್ತೀನಿ" ಎಂದ. ಬರಲಾರ ಎಂದು ಮೂವರಿಗೂ ಗೊತ್ತಿತ್ತು. ಮುಂದಿನ ಚಳಿಗಾಲದಲ್ಲೇ ಸಾಮಾನು ತರಲು ನದಿ ದಾಟುವಾಗ ದೋಣಿಗೆ ಗುಂಡು ತಗುಲಿ ಅವನು ತೀರಿಹೋದನಂತೆ. ಸುದ್ದಿ ಇಲ್ಲಿಗೆ ಮುಟ್ಟಿದ್ದು ಬಹಳ ತಡವಾಗಿ.

ತಾಯಿ ಮಗಳು ಊರಿಗೆ ಬಂದಿಳಿದಾಗ ರೊಸೆಂದೊನ ಅಂಗಡಿಯಲ್ಲಿ ಎವರಿಸ್ತೊ ಸೀಮೆಎಣ್ಣೆ ಮಾರುತ್ತಿದ್ದ. ಮೈ ಬಂದಿತ್ತು, ಮದುವೆಯಾಗಿತ್ತು. ಓಡಿಬಂದು ಅಕ್ಕನನ್ನು ತಬ್ಬಿಕೊಂಡ.

"ನಾನೇ ಡಾನ್ ಹಿಲಾರಿಯೊ ಹತ್ರ ಹೇಳಿ ವಾಪಸು ಕರೆಸೋರ ಪಟ್ಟೀಲಿ ನಿನ್ ಹೆಸರು ಸೇರಿಸ್ದೆ ಅಕ್ಕ. ಇಲ್ದಿದ್ರೆ ಅಲ್ಲೇ ಕೊಳೀತಿದ್ದೆ. ಹಿಂದಿನ ಕೋಣೆ ಖಾಲಿ ಇದೆ, ಇರು. ನನ್ ಹೆಂಡ್ತಿಗೂ ಕೆಲ್ಸಕ್ಕೊಬ್ಬರು ಬೇಕು."

ಅವಳಿಗೆ ಬೇರೆ ಸೂರಿರಲಿಲ್ಲ. ನನ್ನ ಮನೆಗೆ ಕರೆಯೋಣವೆಂದರೆ ನನ್ನ ಗಂಡ ಒಪ್ಪಲಿಲ್ಲ. ಅಂದು ಎವರಿಸ್ತೊನ ಹೆಂಡತಿ ಬೀನ್ಸಿನ ಸಾರು ಬಡಿಸಿದಳು. ಎವರಿಸ್ತೊ ಶಿಲುಬೆಯ ಗುರುತು ಹಾಕಿ ಪ್ರಾರ್ಥನೆ ಹೇಳಿದ. ಲೂಸ್ ತಟ್ಟೆ ಮುಟ್ಟದೆ ಗೋಡೆ ನೋಡುತ್ತ ಕೂತಿದ್ದಳು.

"ತಿನ್ನು ಮಗಾ" ಎಂದಳು ದೆಲ್ಫಿನಾ. ಲೂಸ್ ತಿನ್ನಲಿಲ್ಲ. ದೆಲ್ಫಿನಾ ರೊಟ್ಟಿ ಮುರಿದು ಸಾರಿಗೆ ಅದ್ದಿದಳು.